ಶ್ರಮದಾನ: ಬಿಟ್ಟಿಯಲ್ಲ, ದಾನವೂ ಅಲ್ಲ, ಊರಿನ ಮುಯ್ಯಿ

ಸುಗ್ಗಿ ಮುಗಿದು, ಕಣದ ಕೆಲಸವೆಲ್ಲ ತೀರಿ, ಮುಂಗಾರಿನ ಮೊದಲ ಹದ ಮಳೆಗಾಗಿ ಕಾಯುವ ಒಂದೆರಡು ತಿಂಗಳು ನಮ್ಮ ಬಯಲುಸೀಮೆಯ ರೈತನಿಗೆ ಸ್ವಲ್ಪ ಬಿಡುವಿನ ಕಾಲ. ಈ ಬಿಡುವಿನಲ್ಲಿ ಮದುವೆ, ಜಾತ್ರೆ, ನೆಂಟರ ಮನೆ ಎಲ್ಲವೂ ನಡೆಯುತ್ತವೆ. ಹಿಂದೆ ಇದೇ ಬಿಡುವಿನಲ್ಲಿ ಮತ್ತೊಂದು ಕೆಲಸವೂ ನಡೆಯುತ್ತಿತ್ತು. ಕೆರೆಗೆ ನೀರು ತರುವ ಕಾಲುವೆಯ ಹೂಳು ತೆಗೆಯುವುದು, ಏರಿಯ ಮೇಲಿನ ಗಿಡಗಂಟಿ ಕಡಿಯುವುದು, ಕೋಡಿಯ ಬಾಯಿ ಬಿಡಿಸುವುದು, ತೂಬಿಗೆ ಸೇರಿಕೊಂಡ ಕಸ ತೆಗೆಯುವುದು ಇವೆಲ್ಲವೂ ಊರವರೇ ಕೂಡಿ ಮಾಡುತ್ತಿದ್ದ ಕೆಲಸಗಳು. ಈಗ ಅನೇಕ ಊರುಗಳಲ್ಲಿ ಮಳೆ ಬಂದ ದಿನ ನೀರು ಕಾಲುವೆಯ ದಾರಿ ತಪ್ಪಿ ಹೊಲಕ್ಕೆ ನುಗ್ಗುತ್ತದೆ, ಇಲ್ಲವೇ ರಸ್ತೆಯ ಪಾಲಾಗುತ್ತದೆ. ಕೆರೆ ಮಾತ್ರ ಬರಿದಾಗಿಯೇ ಉಳಿಯುತ್ತದೆ. ಮಳೆ ಬಂದಿತು, ಕೆರೆಗೆ ನೀರು ಬರಲಿಲ್ಲ ಎಂದು ನಾವು ಬೇಸರ ಪಡುತ್ತೇವೆ.

ಇದಕ್ಕೆ ಪರಿಹಾರವಾಗಿ "ಶ್ರಮದಾನ ಮಾಡಿ" ಎಂದು ಹೇಳುವುದು ಸುಲಭ. ವಿಸ್ತರಣಾ ಕಾರ್ಯಕರ್ತನಾಗಿ ನಾನೂ ಅನೇಕ ಸಭೆಗಳಲ್ಲಿ ಹಾಗೆಯೇ ಹೇಳಿದ್ದೇನೆ. ಆದರೆ ಒಂದು ಸಲ ಒಬ್ಬ ಹೆಣ್ಣುಮಗಳು ಕೇಳಿದ ಪ್ರಶ್ನೆ ನನ್ನ ಬಾಯಿ ಕಟ್ಟಿಸಿತು. ಆ ಪ್ರಶ್ನೆಗೆ ಸರಿಯಾದ ಉತ್ತರ ಸಿಕ್ಕುವವರೆಗೆ ಶ್ರಮದಾನದ ಮಾತನ್ನು ಆಡಬಾರದು ಎನ್ನಿಸಿತು. ಈ ಲೇಖನದ ಉದ್ದೇಶವೂ ಆ ಉತ್ತರವನ್ನು ನಿಮ್ಮ ಮುಂದಿಡುವುದೇ ಆಗಿದೆ.

ನೆರಳಲ್ಲಿ ನಿಂತವರು, ಬಿಸಿಲಲ್ಲಿ ಅಗೆದವರು

ಊರಿನ ಹೆಸರು ಬೇಡ. ಅಲ್ಲಿ ಒಂದು ದೊಡ್ಡ ಕೆರೆ. ಶ್ರಮದಾನದ ದಿನ ಗೊತ್ತಾಯಿತು. ಏರಿಯ ಮೇಲೆ ಶಾಮಿಯಾನ ಹಾಕಿದರು. ಅಧಿಕಾರಿಗಳು ಬಂದರು, ಹಾರ ಹಾಕಿಸಿಕೊಂಡರು, ಒಂದೊಂದು ಮಂಕರಿ ಮಣ್ಣು ಹೊತ್ತು ಫೋಟೋ ತೆಗೆಸಿಕೊಂಡರು. ಅನಂತರ ಅಚ್ಚುಕಟ್ಟಿನಲ್ಲಿ ಎಕರೆಗಟ್ಟಲೆ ಗದ್ದೆ ಇದ್ದವರು ಹುಣಸೆ ಮರದ ನೆರಳಿನಲ್ಲಿ ನಿಂತು ಕೆಲಸ ಹೇಳತೊಡಗಿದರು. ಕಾಲುವೆಗೆ ಇಳಿದು ಗುದ್ದಲಿ ಹಿಡಿದವರು ಬಹುಪಾಲು ಭೂಮಿ ಇಲ್ಲದ ಕೂಲಿಯವರು. ಮಧ್ಯಾಹ್ನ ಮಜ್ಜಿಗೆ ಕುಡಿಯುವ ಹೊತ್ತಿನಲ್ಲಿ ಅವರಲ್ಲಿ ಒಬ್ಬಾಕೆ ನನ್ನನ್ನು ಕೇಳಿದಳು: "ಸ್ವಾಮಿ, ಕೆರೆ ತುಂಬಿದರೆ ನೀರು ಅವರ ಗದ್ದೆಗೆ ಹೋಗುತ್ತದೆ. ಇವತ್ತಿನ ನನ್ನ ಕೂಲಿ ಹೋಯಿತು. ನನಗೇನು ಬಂತು?"

ನನ್ನಲ್ಲಿ ಉತ್ತರವಿರಲಿಲ್ಲ. ಮರುವರ್ಷ ಆ ಊರಿನಲ್ಲಿ ಶ್ರಮದಾನಕ್ಕೆ ಡಂಗುರ ಹೊಡೆಸಿದರೂ ಯಾರೂ ಬರಲಿಲ್ಲ. ಜನ ಸೋಮಾರಿಗಳಾಗಿದ್ದಾರೆ, ಊರಭಿಮಾನ ಹೋಯಿತು ಎಂದು ಕೆಲವರು ಹೇಳಿದರು. ನನಗೆ ಹಾಗನ್ನಿಸಲಿಲ್ಲ. ಜನರಿಗೆ ಲೆಕ್ಕ ಬರುತ್ತದೆ, ಅಷ್ಟೆ.

ಬಿಟ್ಟಿಯ ನೆನಪು

ನಮ್ಮ ಹಳ್ಳಿಗಳಲ್ಲಿ ಕೂಲಿ ಇಲ್ಲದ ದುಡಿಮೆ ಎಂದೊಡನೆ ಹಿರಿಯರಿಗೆ ನೆನಪಾಗುವುದು ಬಿಟ್ಟಿ. ಊರ ಗೌಡರ, ಸಾಹುಕಾರರ, ದೌರೆಯ ಮೇಲೆ ಬಂದ ಅಧಿಕಾರಿಗಳ ಕೆಲಸವನ್ನು ಕೆಳಗಿನ ಕೇರಿಯವರು ಕೂಲಿಯಿಲ್ಲದೆ ಮಾಡಬೇಕಾಗಿದ್ದ ಕಾಲವೊಂದಿತ್ತು. ನಮ್ಮ ಸಂವಿಧಾನದ 23ನೆಯ ವಿಧಿ ಬಿಟ್ಟಿ ದುಡಿಮೆಯನ್ನೂ ಬಲವಂತದ ದುಡಿಮೆಯನ್ನೂ ನಿಷೇಧಿಸಿತು. 1976ರಲ್ಲಿ ಬಂದ ಕಾಯಿದೆ ಜೀತಪದ್ಧತಿಯನ್ನು ರದ್ದುಮಾಡಿತು. ಕಾಯಿದೆ ಬಂದ ಮಾತ್ರಕ್ಕೆ ನೆನಪು ಅಳಿಯುವುದಿಲ್ಲ. ಯಾರ ಅಜ್ಜ ಬಿಟ್ಟಿ ದುಡಿದಿದ್ದನೋ ಅವನ ಮೊಮ್ಮಗನಿಗೆ "ಊರಿಗಾಗಿ ಒಂದು ದಿನ ಸುಮ್ಮನೆ ದುಡಿ" ಎಂದರೆ ಕಿವಿಗೆ ಹಳೆಯ ಮಾತೇ ಕೇಳಿಸುತ್ತದೆ. ಇದನ್ನು ತಿಳಿಯದೆ ಶ್ರಮದಾನಕ್ಕೆ ಹೊರಡುವುದು ಹೊಲದ ಮಣ್ಣು ನೋಡದೆ ಬಿತ್ತನೆಗೆ ಹೊರಟಂತೆ.

"ದಾನ" ಎಂಬ ಮಾತಿನಲ್ಲಿಯೂ ಒಂದು ತೊಡಕಿದೆ. ದಾನವೆಂದರೆ ಉಳ್ಳವನು ಇಲ್ಲದವನಿಗೆ ಕೊಡುವುದು. ಕೊಟ್ಟವನ ಕೈ ಮೇಲೆ, ಪಡೆದವನ ಕೈ ಕೆಳಗೆ. ಊರ ಕೆಲಸದಲ್ಲಿ ಹೀಗೆ ಮೇಲು ಕೆಳಗು ಬಂದರೆ ಅದು ಬಹಳ ದಿನ ಬಾಳುವುದಿಲ್ಲ.

ನಮ್ಮಲ್ಲಿಯೇ ಇರುವ ಒಳ್ಳೆಯ ಮಾತು

ಇದಕ್ಕೆ ತಕ್ಕ ಮಾತು ನಮ್ಮ ರೈತರ ಬಾಯಲ್ಲಿಯೇ ಇದೆ. ಅದು ಮುಯ್ಯಿ. ನಾಟಿಯ ಕಾಲದಲ್ಲಿ, ಕಳೆ ತೆಗೆಯುವ ಕಾಲದಲ್ಲಿ, ಕೊಯ್ಲಿನ ಕಾಲದಲ್ಲಿ ನಾವು ಮುಯ್ಯಾಳು ಮಾಡುತ್ತೇವೆ. ಇವತ್ತು ನಿಮ್ಮ ಗದ್ದೆಗೆ ನಾನು, ನನ್ನ ಹೆಂಡತಿ ಬರುತ್ತೇವೆ; ನಾಳೆ ನಮ್ಮ ಗದ್ದೆಗೆ ನಿಮ್ಮ ಮನೆಯಿಂದ ಇಬ್ಬರು ಬರುತ್ತೀರಿ. ಕಾಸು ಕೈ ಬದಲಾಯಿಸುವುದಿಲ್ಲ. ಬರೆದಿಡುವ ಪುಸ್ತಕವಿಲ್ಲ. ಆದರೂ ಯಾರ ಮುಯ್ಯಿ ಯಾರಿಗೆ ಬಾಕಿ ಇದೆ ಎಂಬುದು ಎಲ್ಲರಿಗೂ ಗೊತ್ತು. ಮುಯ್ಯಿ ತೀರಿಸದವನಿಗೆ ದಂಡ ಹಾಕುವವರಿಲ್ಲ. ಮುಂದಿನ ಸಲ ಅವನ ಹೊಲಕ್ಕೆ ಹೋಗುವವರಿರುವುದಿಲ್ಲ, ಅಷ್ಟೇ.

ಮುಯ್ಯಿಯ ಗುಣ ಎರಡು. ಮೊದಲನೆಯದು, ಅದರಲ್ಲಿ ಬಲವಂತವಿಲ್ಲ. ಎರಡನೆಯದು, ಕೊಟ್ಟದ್ದು ಒಂದಲ್ಲ ಒಂದು ರೂಪದಲ್ಲಿ ತಿರುಗಿ ಬರುತ್ತದೆ. ಊರಿನ ಸೇವೆಯೂ ಹೀಗೆಯೇ ಇರಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಒಬ್ಬರಿಗೊಬ್ಬರು ಮಾಡುವ ಮುಯ್ಯಿಯನ್ನು ಇಡೀ ಊರಿಗೆ ವಿಸ್ತರಿಸಿದರೆ ಅದೇ ನಿಜವಾದ ಸ್ವಯಂಸೇವೆ.

ನಮ್ಮ ಪೂರ್ವಿಕರು ಇದನ್ನು ಅರಿತಿದ್ದರು. ಕೆರೆ ಕಟ್ಟಿಸಿದವರಿಗೂ ಅದನ್ನು ನೋಡಿಕೊಳ್ಳುವವರಿಗೂ ಅಚ್ಚುಕಟ್ಟಿನಲ್ಲಿ ಭೂಮಿ ಬಿಟ್ಟುಕೊಟ್ಟ ವಿಷಯ ನಮ್ಮ ನಾಡಿನ ಅನೇಕ ಶಾಸನಗಳಲ್ಲಿದೆ. ಇದಕ್ಕೆ ಕಟ್ಟುಕೊಡಗೆ ಎಂದು ಹೆಸರು. ವರ್ಷವಿಡೀ ಕೆರೆಗಾಗಿ ದುಡಿಯುವವನಿಗೆ ಜೀವನಕ್ಕೆ ದಾರಿ ಮಾಡಿಕೊಡಬೇಕು, ಬರಿಯ ಪುಣ್ಯದ ಮಾತು ಸಾಲದು ಎಂಬುದು ಅವರಿಗೆ ಗೊತ್ತಿತ್ತು.

ಇನ್ನೊಂದು ಊರಿನಲ್ಲಿ ಕಂಡದ್ದು

ಕೆಲವು ವರ್ಷಗಳ ಅನಂತರ ಬೇರೊಂದು ಊರಿನಲ್ಲಿ ನನಗೆ ಆ ಹೆಣ್ಣುಮಗಳ ಪ್ರಶ್ನೆಗೆ ಉತ್ತರ ಸಿಕ್ಕಿತು. ಅಲ್ಲಿನ ಹಿರಿಯ ರೈತರೊಬ್ಬರು ಸಭೆ ಸೇರಿಸಿ ಮೂರು ಮಾತು ಹೇಳಿದರು. ಒಂದು, ಅಚ್ಚುಕಟ್ಟಿನಲ್ಲಿ ಗದ್ದೆ ಇರುವವರು ಎಕರೆಗೆ ಒಂದು ಆಳಿನಂತೆ ಬರಬೇಕು. ಅರ್ಧ ಎಕರೆಯವರು ಇಬ್ಬರು ಸೇರಿ ಒಂದು ಆಳು. ಎರಡು, ಭೂಮಿ ಇಲ್ಲದವರು ಬರಲೇಬೇಕೆಂದಿಲ್ಲ. ಮನಸ್ಸಿದ್ದು ಬಂದರೆ ಅದು ಊರಿನ ಮೇಲೆ ಅವರ ಮುಯ್ಯಿ. ಮೂರು, ಆ ಮುಯ್ಯಿಯನ್ನು ಊರು ತೀರಿಸಲೇಬೇಕು.

ಮೊದಲ ದಿನ ಕಾಲುವೆಯ ಕೆಲಸ ನಡೆಯಿತು. ಎಲ್ಲರಿಗಿಂತ ಮೊದಲು ಗುದ್ದಲಿ ಹಿಡಿದು ಇಳಿದವರು ಆ ಹಿರಿಯರೇ. ಭೂಮಿ ಇಲ್ಲದ ಮನೆಗಳಿಂದಲೂ ಕೆಲವರು ಬಂದರು. ಎರಡನೆಯ ದಿನ ಗದ್ದೆಯವರೆಲ್ಲರೂ ಅದೇ ಗುದ್ದಲಿ ಮಂಕರಿಗಳೊಡನೆ ಕೂಲಿಕಾರರ ಕಾಲೋನಿಗೆ ಹೋದರು. ಅಲ್ಲಿನ ಕಟ್ಟಿಹೋದ ಚರಂಡಿ ಬಿಡಿಸಿ, ನೀರಿನ ನಲ್ಲಿಯ ಸುತ್ತಲಿನ ಕೆಸರು ತೆಗೆದು, ಕಲ್ಲು ಹಾಸಿದರು. ಆ ಕೇರಿಗೆ ಕೆಲಸ ಹೇಳಲು ಬಿಟ್ಟರೆ ಬೇರೆ ಯಾವುದಕ್ಕೂ ಹೋಗದಿದ್ದವರು ಅಂದು ಅಲ್ಲಿ ಕೆಲಸ ಮಾಡಿದರು. ಮುದ್ದೆ, ಹುರುಳಿಕಾಳಿನ ಸಾರು. ಎಲ್ಲರೂ ಒಂದೇ ಸಾಲಿನಲ್ಲಿ ಕುಳಿತು ಉಂಡರು. ಒಂದು ಊಟದಿಂದ ಜಾತಿಯ ಗೋಡೆ ಬಿದ್ದುಹೋಯಿತು ಎಂದು ನಾನು ಹೇಳುವುದಿಲ್ಲ. ಆದರೆ ಮರುವರ್ಷ ಡಂಗುರ ಹೊಡೆಸುವ ಮೊದಲೇ "ಕಾಲುವೆ ಕೆಲಸ ಯಾವತ್ತು?" ಎಂದು ಕೇಳಿದವರು ಕಾಲೋನಿಯ ಯುವಕರು.

ಪಾಲು ಹಾಕಿದ ಮೇಲೆ ಅದು ಸ್ವಯಂಸೇವೆ ಹೇಗಾದೀತು ಎಂದು ಕೆಲವರು ಕೇಳಬಹುದು. ಪಾಲನ್ನು ಹಾಕಿದವರು ಹೊರಗಿನವರಲ್ಲ, ಊರವರೇ. ತಪ್ಪಿದರೆ ದಂಡವೂ ಇರಲಿಲ್ಲ. ಬಂದವರ ಹೆಸರನ್ನು ಶಾಲೆಯ ಗೋಡೆಯ ಮೇಲಿನ ಕಪ್ಪು ಹಲಗೆಯಲ್ಲಿ ಬರೆದಿದ್ದರು. ಬಾರದವರ ಹೆಸರನ್ನು ಬರೆದಿರಲಿಲ್ಲ. ಅಷ್ಟೇ ಸಾಕಾಯಿತು.

ಆಳಿನ ಲೆಕ್ಕ: ಎಷ್ಟು ಆದೀತು, ಎಷ್ಟು ಆಗದು

ಉತ್ಸಾಹದ ಜೊತೆಗೆ ಲೆಕ್ಕವೂ ಬೇಕು. ಒಂದು ಎಕರೆ ಕೆರೆಯಂಗಳದಲ್ಲಿ ಒಂದು ಅಂಗುಲ ಹೂಳು ಎಂದರೆ 3,630 ಘನ ಅಡಿ ಮಣ್ಣು. ನೂರು ಘನ ಅಡಿ ಹಿಡಿಯುವ ಟ್ರೇಲರ್‌ನಲ್ಲಿ ತುಂಬಿದರೆ 36 ಲೋಡಿಗೂ ಹೆಚ್ಚು. ಅಷ್ಟು ಹೂಳು ತೆಗೆದ ಜಾಗದಲ್ಲಿ ಸುಮಾರು ಒಂದು ಲಕ್ಷ ಲೀಟರ್ ನೀರು ನಿಲ್ಲುತ್ತದೆ. ಲಾಭ ದೊಡ್ಡದು, ಆದರೆ ಕೆಲಸವೂ ದೊಡ್ಡದು. ಅಡಿಗಟ್ಟಲೆ ಹೂಳು ತುಂಬಿದ ಹತ್ತಾರು ಎಕರೆ ಕೆರೆಯನ್ನು ಗುದ್ದಲಿ ಮಂಕರಿಯಿಂದ ಬರಿದು ಮಾಡುತ್ತೇವೆಂದು ಹೊರಟರೆ ಎರಡೇ ದಿನಕ್ಕೆ ಜನ ಸೋಲುತ್ತಾರೆ. ಅದು ಯಂತ್ರಗಳಿಂದ, ಇಲಾಖೆಯ ಹಣದಿಂದ ಆಗಬೇಕಾದ ಕೆಲಸ.

ಆದರೆ ಕಾಲುವೆಯ ಲೆಕ್ಕ ಬೇರೆ. ಮೂರು ಅಡಿ ಅಗಲದ ಕಾಲುವೆಯಲ್ಲಿ ಒಂದು ಅಡಿ ಹೂಳು ಇದೆ ಎಂದುಕೊಳ್ಳಿ. ಮಣ್ಣು ತೀರ ಗಟ್ಟಿಯಾಗಿರದಿದ್ದರೆ ಇಬ್ಬರು ಸೇರಿ ಒಂದು ದಿನಕ್ಕೆ 30 ಅಡಿ ಉದ್ದವನ್ನು ಬಿಡಿಸಬಹುದು. ನೂರು ಜನ ಸೇರಿದರೆ 1,500 ಅಡಿ, ಎಂದರೆ ಸುಮಾರು 450 ಮೀಟರ್ ಆಯಿತು. ನಾಲ್ಕು ದಿನಕ್ಕೆ ಒಂದೂ ಮುಕ್ಕಾಲು ಕಿಲೋಮೀಟರಿಗಿಂತ ಹೆಚ್ಚು. ಕೆರೆ ಎಷ್ಟು ಆಳವಿದ್ದರೂ ನೀರು ಬರುವ ದಾರಿಯೇ ಮುಚ್ಚಿದ್ದರೆ ಪ್ರಯೋಜನವಿಲ್ಲ. ಆದುದರಿಂದ ಕೈಯಿಂದ ಆಗುವ, ಕೈಯಿಂದಲೇ ಆಗಬೇಕಾದ ಕೆಲಸವನ್ನು ಆರಿಸಿಕೊಳ್ಳುವುದು ಜಾಣತನ.

"ಸರ್ಕಾರ ಮಾಡಬೇಕಾದುದನ್ನು ನಾವೇಕೆ ಮಾಡಬೇಕು?"

ಈ ಪ್ರಶ್ನೆ ಎಲ್ಲ ಸಭೆಗಳಲ್ಲಿಯೂ ಬರುತ್ತದೆ, ಬರಲೇಬೇಕು. ಒಡೆದ ತೂಬಿನ ದುರಸ್ತಿ, ಬಿರುಕು ಬಿಟ್ಟ ಏರಿ, ಒತ್ತುವರಿಯ ಅಳತೆ ಇವೆಲ್ಲ ಸರ್ಕಾರದ ಹೊಣೆ. ಇವನ್ನು ಊರವರ ಹೆಗಲಿಗೆ ಹೊರಿಸಿ ಯಾರೂ ಕೈ ತೊಳೆದುಕೊಳ್ಳಬಾರದು. ಹಾಗೆಯೇ ಕೂಲಿ ಕೊಟ್ಟು ಮಾಡಿಸಬೇಕಾದ ಕೆಲಸವನ್ನು ಸೇವೆಯ ಹೆಸರಿನಲ್ಲಿ ಪುಕ್ಕಟೆ ಮಾಡಿಸುವುದೂ ತಪ್ಪು. ಬಡವನ ಒಂದು ದಿನದ ಕೂಲಿ ಎಂದರೆ ಅವನ ಮನೆಯ ಒಂದು ದಿನದ ಊಟ.

ಆದರೆ ಮೇ ತಿಂಗಳ ಗಾಳಿಗೆ ಮುರಿದು ಕಾಲುವೆಗೆ ಅಡ್ಡ ಬಿದ್ದ ಜಾಲಿಯ ಕೊಂಬೆ ಟೆಂಡರಿಗೆ ಕಾಯುವುದಿಲ್ಲ. ಅದನ್ನು ಅಂದೇ ಎಳೆದುಹಾಕಬೇಕು. ಇನ್ನೂ ಒಂದು ವಿಷಯ ನಾನು ಗಮನಿಸಿದ್ದೇನೆ. ಒಟ್ಟಿಗೆ ಕಾಲುವೆಗೆ ಇಳಿದ ಊರಿನವರು ಒಟ್ಟಿಗೆ ಕಚೇರಿಗೂ ಹೋಗುತ್ತಾರೆ. ಕಾಲುವೆ ಎಲ್ಲಿ ಒತ್ತುವರಿಯಾಗಿದೆ, ತೂಬು ಎಲ್ಲಿ ಸೋರುತ್ತದೆ ಎಂಬುದನ್ನು ಕಣ್ಣಾರೆ ಕಂಡವರ ಅರ್ಜಿಗೆ ತೂಕ ಹೆಚ್ಚು. ಊರ ಸೇವೆ ಸರ್ಕಾರದ ಹೊಣೆಯನ್ನು ಇಳಿಸುವುದಿಲ್ಲ. ಆ ಹೊಣೆಯನ್ನು ಕೇಳುವ ನಮ್ಮ ದನಿಯನ್ನು ಗಟ್ಟಿ ಮಾಡುತ್ತದೆ.

ಕೊಟ್ಟವನಿಗೆ ಏನು ಲಾಭ?

ಊರಿಗೆ ಬರುವ ಲಾಭ ಕಣ್ಣಿಗೆ ಕಾಣುತ್ತದೆ. ಕೆರೆಯಲ್ಲಿ ನೀರು ನಿಂತರೆ ಸುತ್ತಲಿನ ಬಾವಿ, ಕೊಳವೆಬಾವಿಗಳಿಗೆ ಜೀವ ಬರುತ್ತದೆ, ದನಕರುಗಳಿಗೆ ನೀರಾಗುತ್ತದೆ. ಕೆರೆಗೋಡು ಹಾಕಿದ ಕೆಂಪು ಮರಳುಮಣ್ಣು ತೇವವನ್ನು ಹೆಚ್ಚು ದಿನ ಹಿಡಿದಿಡುತ್ತದೆ. ಸೇವೆ ಮಾಡಿದ ವ್ಯಕ್ತಿಗೆ ಬರುವ ಲಾಭವನ್ನು ನಾವು ಲೆಕ್ಕಕ್ಕೆ ಹಿಡಿಯುವುದು ಕಡಿಮೆ. ಅವುಗಳಲ್ಲಿ ಕೆಲವನ್ನು ಇಲ್ಲಿ ಹೇಳುತ್ತೇನೆ.

ಮೊದಲನೆಯದು ಕಲಿಕೆ. ಕಾಲುವೆಯ ಇಳಿಜಾರನ್ನು ನೀರಿನ ಪೈಪಿನಿಂದ ಮಟ್ಟ ಹಿಡಿದು ನೋಡಲು ಕಲಿತ ಯುವಕ ಅದೇ ವಿದ್ಯೆಯನ್ನು ತನ್ನ ಹೊಲದ ಬದು ಹಾಕುವಾಗ ಬಳಸುತ್ತಾನೆ. ಹಾಜರಿ ಬರೆದ ಹುಡುಗಿಗೆ ಲೆಕ್ಕ ಇಡುವುದು, ನಾಲ್ಕು ಜನರ ಮುಂದೆ ನಿಂತು ಮಾತಾಡುವುದು ರೂಢಿಯಾಗುತ್ತದೆ. 1969ರಲ್ಲಿ, ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷ, ಆರಂಭವಾದ ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರಗಳಿಗೆ ಹಳ್ಳಿಗೆ ಬರುವ ವಿದ್ಯಾರ್ಥಿಗಳು ಊರಿಗೆ ಕೊಡುವುದಕ್ಕಿಂತ ಹೆಚ್ಚಾಗಿ ಊರಿನಿಂದ ಕಲಿತು ಹೋಗುತ್ತಾರೆ.

ಎರಡನೆಯದು ನಂಟು. ಮಕ್ಕಳು ಬೆಂಗಳೂರು ಸೇರಿದ ಮೇಲೆ ಹಳ್ಳಿಯಲ್ಲಿ ಉಳಿದ ವಯಸ್ಸಾದ ತಂದೆ ತಾಯಿಗಳ ಒಂಟಿತನ ಇಂದು ದೊಡ್ಡ ಸಮಸ್ಯೆಯಾಗಿದೆ. ಗುದ್ದಲಿ ಹಿಡಿಯಲಾರದ ಅಜ್ಜನಿಗೂ ಹಳೆಯ ಕಾಲುವೆ ಎಲ್ಲಿ ತಿರುಗುತ್ತಿತ್ತು ಎಂಬುದು ಗೊತ್ತಿರುತ್ತದೆ. ಅವರನ್ನು ಕರೆದು ಕೇಳಿದರೆ ಊರಿಗೆ ಕಾಲುವೆ ಸಿಗುತ್ತದೆ. ತಾನಿನ್ನೂ ಬೇಕಾದವನು ಎಂಬ ನೆಮ್ಮದಿ ಅವರಿಗೆ ಸಿಗುತ್ತದೆ. ಬರಗಾಲದಲ್ಲಿ, ಸಾಲದ ಕಷ್ಟದಲ್ಲಿ ರೈತನನ್ನು ಬಾಗಿಲು ಹಾಕಿಕೊಂಡು ಕೂರಲು ಬಿಡದೆ ಹೊರಗೆ ಕರೆತರುವವರು ಇಂಥ ಕೆಲಸದ ಜೊತೆಗಾರರೇ.

ಮೂರನೆಯದು ತೃಪ್ತಿ. ಮಾಗಡಿ ತಾಲ್ಲೂಕಿನ ಹುಲಿಕಲ್ಲಿನ ಸಾಲುಮರದ ತಿಮ್ಮಕ್ಕ ಕೂಲಿ ಮಾಡಿ ಬದುಕಿದವರು. ಪತಿ ಚಿಕ್ಕಯ್ಯನವರೊಡನೆ ಹುಲಿಕಲ್ಲಿನಿಂದ ಕುದೂರಿನವರೆಗೆ ರಸ್ತೆಯ ಬದಿಯಲ್ಲಿ ಆಲದ ಸಸಿಗಳನ್ನು ನೆಟ್ಟು, ಬಿಂದಿಗೆಯಲ್ಲಿ ನೀರು ಹೊತ್ತು ಬೆಳೆಸಿದರು. ಮಕ್ಕಳಿಲ್ಲದ ಅವರು ಆ ಮರಗಳನ್ನೇ ಮಕ್ಕಳೆಂದರು. 2019ರಲ್ಲಿ ಪದ್ಮಶ್ರೀ ಬಂತು. 2025ರ ನವೆಂಬರಿನಲ್ಲಿ ಅವರು ತೀರಿಕೊಂಡರು. ಮಳವಳ್ಳಿ ತಾಲ್ಲೂಕಿನ ದಾಸನದೊಡ್ಡಿಯ ಕಾಮೇಗೌಡರು ಕುರಿ ಕಾಯುವವರು. ಬೆಟ್ಟದ ಮೇಲಿನ ಪ್ರಾಣಿ ಪಕ್ಷಿಗಳಿಗೆ ನೀರಾಗಲೆಂದು ಕಟ್ಟೆಗಳನ್ನು ತೋಡಿಸಿ 2022ರಲ್ಲಿ ಕಣ್ಣು ಮುಚ್ಚಿದರು. ಇಬ್ಬರೂ ಉಳ್ಳವರಲ್ಲ. ಸೇವೆಗೆ ಸಿರಿ ಬೇಡ ಎಂಬುದಕ್ಕೆ ಇವರು ಸಾಕ್ಷಿ. ಆದರೆ ಇಂಥವರಿಗೆ ಕೈ ಮುಗಿದು ನಾವು ಮನೆಗೆ ಹೋದರೆ ಸಾಲದು. ಒಬ್ಬರೇ ಜೀವಮಾನವಿಡೀ ಹೊತ್ತ ಹೊರೆಯನ್ನು ನೂರು ಮನೆಗಳು ವರ್ಷಕ್ಕೊಂದು ದಿನ ಹೊತ್ತರೆ ಯಾರ ಬೆನ್ನೂ ಬಾಗುವುದಿಲ್ಲ.

ಗುದ್ದಲಿಯ ಕೆಲಸ ಮಾತ್ರವೇ ಸೇವೆಯಲ್ಲ. ತಾನು ಕಂಡುಕೊಂಡ ಬೇಸಾಯದ ಅನುಭವವನ್ನು ಬಚ್ಚಿಡದೆ ಹೇಳುವುದೂ ಸೇವೆಯೇ. 1988ರಲ್ಲಿ ಪುತ್ತೂರಿನಲ್ಲಿ ಆರಂಭವಾದ "ಅಡಿಕೆ ಪತ್ರಿಕೆ" ರೈತರ ಕೈಗೇ ಲೇಖನಿ ಕೊಟ್ಟಿತು. ಒಬ್ಬ ಬೆಳೆಗಾರನ ಅನುಭವ ಬಿಡುವಿಲ್ಲದೆ ಊರೂರು ತಿರುಗಿತು. ನಿಮ್ಮ ಹೊಲದಲ್ಲಿ ಗೆದ್ದ ತಳಿಯ ಎರಡು ಸೇರು ಬೀಜವನ್ನು ನೆರೆಯವರಿಗೆ ಕೊಡುವುದೂ ಮುಯ್ಯಿಯ ಒಂದು ಬಗೆ.

ಆರಂಭಿಸುವವರಿಗೆ ಕೆಲವು ಸೂಚನೆಗಳು

1. ಊರಿನ ಎಲ್ಲ ಕೇರಿಗಳವರನ್ನೂ ಕರೆದು ಸಭೆ ಮಾಡಿ. ಯಾವ ಕೆಲಸ, ಯಾವ ದಿನ ಎಂಬುದನ್ನು ಅವರೇ ಆರಿಸಲಿ. ವಾರದ ಸಂತೆಯ ದಿನ, ಕೂಲಿ ಹೆಚ್ಚು ಸಿಗುವ ದಿನ ಬೇಡ.

2. ಯಾರಿಗೆ ಹೆಚ್ಚು ಲಾಭವೋ ಅವರ ಪಾಲು ಹೆಚ್ಚಿರಲಿ. ಅವರು ಖುದ್ದಾಗಿ ಬರಲಿ. ಬರಲಾರದವರು ಆಳನ್ನು ಕಳುಹಿಸಿದರೆ ಆ ಆಳಿಗೆ ಅವರೇ ಪೂರ್ತಿ ಕೂಲಿ ಕೊಡಬೇಕು.

3. ಭೂಮಿ ಇಲ್ಲದವರು ಬಂದರೆ ಅವರ ಮುಯ್ಯಿಯನ್ನು ಅದೇ ತಿಂಗಳು ತೀರಿಸಿ. ಅವರ ಬೀದಿಯ ಕೆಲಸ, ಏರಿಯ ಹುಲ್ಲು, ಕಡಿದ ಸೌದೆ, ಯಾವುದು ಬೇಕೆಂದು ಅವರನ್ನೇ ಕೇಳಿ.

4. ಹೆಂಗಸರ ಆಳಿಗೂ ಗಂಡಸರ ಆಳಿಗೂ ಒಂದೇ ಲೆಕ್ಕ. ಅಡಿಗೆ ಮಾಡಿದವರನ್ನೂ ಆಳೆಂದೇ ಬರೆಯಿರಿ. ಮನೆಯ ಕೆಲಸ ಮುಗಿಸಿ ಬಂದ ಹೆಂಗಸಿಗೆ ಇದು ಎರಡನೆಯ ದುಡಿಮೆ ಎಂಬುದು ನೆನಪಿರಲಿ.

5. ಕೆರೆಯಂಗಳದ ಮಣ್ಣು ತೆಗೆಯುವ ಮೊದಲು ಅನುಮತಿ ಪಡೆಯಿರಿ. ಕೆರೆ ಪಂಚಾಯಿತಿಯದೋ ಸಣ್ಣ ನೀರಾವರಿ ಇಲಾಖೆಯದೋ ವಿಚಾರಿಸಿ. ಏರಿಯ ಬುಡದಲ್ಲಿ ಎಂದಿಗೂ ಅಗೆಯಬೇಡಿ. ತೂಬಿನ ಮಟ್ಟಕ್ಕಿಂತ ಕೆಳಗೆ ತೋಡಬೇಡಿ.

6. ಬಿಸಿಲೇರುವ ಮೊದಲು ಕೆಲಸ ಆರಂಭಿಸಿ, ಹನ್ನೊಂದಕ್ಕೆ ನಿಲ್ಲಿಸಿ. ಉಳಿದುದನ್ನು ಸಂಜೆ ಮಾಡಿ. ಕುಡಿಯುವ ನೀರು, ಮಜ್ಜಿಗೆ, ಹಾವು ಕಡಿದರೆ ಆಸ್ಪತ್ರೆಗೆ ಹೋಗಲು ಒಂದು ವಾಹನ ಸಿದ್ಧವಿರಲಿ.

7. ಖರ್ಚು ವೆಚ್ಚದ ಲೆಕ್ಕವನ್ನು ಅಂದೇ ಎಲ್ಲರ ಮುಂದೆ ಓದಿ. ಹಾರ, ಶಾಮಿಯಾನಗಳ ಹಣದಿಂದ ನಾಲ್ಕು ಗುದ್ದಲಿ ಕೊಳ್ಳಿ.

ಕೊನೆಯ ಮಾತು

ಕೈ ಕೆಸರಾದರೆ ಬಾಯಿ ಮೊಸರು ಎಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ಯಾರ ಕೈ ಕೆಸರಾಯಿತು, ಯಾರ ಬಾಯಿಗೆ ಮೊಸರು ಬಿತ್ತು ಎಂದು ಕೇಳುವ ಹಕ್ಕು ಕೆಸರಾದ ಕೈಗೆ ಇದೆ. ಅಂದು ಆ ಹೆಣ್ಣುಮಗಳು ಕೇಳಿದ್ದು ಇದನ್ನೇ. ಇಂದು ಆಕೆ ಎದುರಾದರೆ ನಾನು ಹೇಳಬಹುದಾದ ಉತ್ತರವಿಷ್ಟು: "ತಾಯಿ, ಮೊದಲು ಗದ್ದೆಯವರು ಇಳಿಯಲಿ. ಆಮೇಲೆ ನಿನಗೆ ಮನಸ್ಸಿದ್ದರೆ ಬಾ. ನಾಳೆ ನಾವು ನಿನ್ನ ಬೀದಿಗೆ ಬರುತ್ತೇವೆ."

ರೈತ ಬಾಂಧವರೇ, ಈ ಮಾತನ್ನು ಹೇಳಿ ಅದರಂತೆ ನಡೆಯಬಲ್ಲ ಊರಿನಲ್ಲಿ ಶ್ರಮದಾನಕ್ಕೆ ಡಂಗುರ ಬೇಕಾಗುವುದಿಲ್ಲ. ಮುಂಗಾರಿಗೆ ಮೊದಲು ಒಂದು ದಿನ ಗೊತ್ತುಮಾಡಿ. ನಿಮ್ಮ ಗುದ್ದಲಿಗೆ ಕಾವು ಸರಿಯಾಗಿದೆಯೇ ಎಂದು ಇಂದೇ ನೋಡಿಕೊಳ್ಳಿ.